ಬೇಲಿಯನ್ನೊಲ್ಲದ ಮುಖಂಡರು

ನಾಯಕನೆಂದರೆ ನೆಲದ ಒಡೆಯನೆಂದು ಭಾವಿಸುವುದು ಲೋಕರೂಢಿ. ಅಲಾಸ್ಕದ ಒಳನಾಡಿನಲ್ಲಿ, ಯೂಕಾನ್ ಮಹಾನದಿಯ ಮತ್ತು ಅದರ ಉಪನದಿಯಾದ ಟನಾನದ ತೀರಗಳಲ್ಲಿ ಬಾಳುವ ಅಥಬಾಸ್ಕನ್ ಜನರಲ್ಲಿ ಈ ಮಾತು ಸಲ್ಲದು. ಅಲ್ಲಿಯ ಮುಖಂಡನಿಗೆ ಸಿಂಹಾಸನವೂ ಇರಲಿಲ್ಲ, ಕಂದಾಯವೂ ಇರಲಿಲ್ಲ. ಯಾವ ಹೊಳೆಗೆ ಎಂದು ಮೀನು ಬರುವುದು, ಮೂಸ್ ಎಂಬ ಭಾರಿ ಗಾತ್ರದ ಜಿಂಕೆ ಎಲ್ಲಿ ಮೇಯುವುದು ಎಂಬುದನ್ನು ಅವನು ಬಲ್ಲವನಾಗಿರಬೇಕು. ಬೇಟೆ ದೊರೆತ ದಿನ ಅದನ್ನು ವೃದ್ಧರಿಗೂ ಅನಾಥರಿಗೂ ಹಂಚಬಲ್ಲವನಾಗಿರಬೇಕು. ಜನರು ಅವನ ಮಾತಿಗೆ ಕಿವಿಗೊಡುತ್ತಿದ್ದುದು ಈ ಅರಿವಿಗಾಗಿ, ಈ ಔದಾರ್ಯಕ್ಕಾಗಿ.

ಇಂಥ ನಾಯಕತ್ವಕ್ಕೆ ಕಠಿನ ಪರೀಕ್ಷೆಯೊಂದು 1915ರಲ್ಲಿ ಒದಗಿತು. ಆ ವರ್ಷದ ಜುಲೈ 5 ಮತ್ತು 6ರಂದು ಟನಾನ ತೀರದ ಹಲವು ಊರುಗಳ ಮುಖಂಡರು ಫೇರ್‌ಬ್ಯಾಂಕ್ಸ್ ಪಟ್ಟಣದ ಗ್ರಂಥಾಲಯದಲ್ಲಿ ನೆರೆದರು. ಅಮೆರಿಕದ ಸಂಸತ್ತಿನಲ್ಲಿ ಅಲಾಸ್ಕದ ಪ್ರತಿನಿಧಿಯಾಗಿದ್ದ ಜೇಮ್ಸ್ ವಿಕರ್‌ಷಾಮ್ ಅವರ ಮುಂದೆ ಎರಡು ದಾರಿಗಳನ್ನಿಟ್ಟರು. ರೈಲುಮಾರ್ಗ ಬರಲಿದೆ, ಅದರ ಹಿಂದೆಯೇ ಬಿಳಿಯರು ಬಂದು ಒಳ್ಳೆಯ ನೆಲವನ್ನೆಲ್ಲ ಹಿಡಿಯುವರು. ಆದುದರಿಂದ ಕುಟುಂಬಕ್ಕೆ 160 ಎಕರೆಯಂತೆ ಭೂಮಿ ಪಡೆಯಿರಿ, ಇಲ್ಲವೇ ಎಲ್ಲರೂ ಒಂದು ಮೀಸಲು ಪ್ರದೇಶದಲ್ಲಿ ನೆಲೆಸಿರಿ ಎಂದರು.

ಮುಖಂಡರು ಎರಡನ್ನೂ ಒಲ್ಲೆವೆಂದರು. ಸದಾ ಸಂಚರಿಸುವ ತಮ್ಮ ಜನರನ್ನು ಒಂದೆಡೆ ಕೂಡಿಹಾಕಿದರೆ ಅವರು ಅಳಿದುಹೋಗುವರೆಂದು ಟೊಲೊವಾನದ ಅಲೆಕ್ಸಾಂಡರ್ ಎಚ್ಚರಿಸಿದರು. ಬೇಸಗೆಯಲ್ಲಿ ನದಿಯ ಮೀನು, ಶರತ್ಕಾಲದಲ್ಲಿ ಮೂಸ್, ಚಳಿಗಾಲದಲ್ಲಿ ತುಪ್ಪುಳಿನ ಪ್ರಾಣಿಗಳು: ಋತುವಿನೊಡನೆ ಸಾಗುವ ಈ ಬಾಳನ್ನು ಯಾವ ಬೇಲಿ ತಾನೆ ಒಳಗೊಳ್ಳಬಲ್ಲುದು? ಆದರೆ ಅವರು ಹೊಸ ಕಾಲಕ್ಕೆ ಬೆನ್ನು ತಿರುಗಿಸಲಿಲ್ಲ. ಶಾಲೆ, ವೈದ್ಯಸಹಾಯ, ಉದ್ಯೋಗ ಇವನ್ನು ಕೇಳಿದರು.

ನ್ಯಾಯ ಬಂದುದು 56 ವರ್ಷಗಳ ತರುವಾಯ, ಅದೂ ಅರೆಬರೆಯಾಗಿ. 1971ರ ಕಾನೂನು ಅಲಾಸ್ಕದ ಮೂಲನಿವಾಸಿಗಳಿಗೆ 4 ಕೋಟಿ 40 ಲಕ್ಷ ಎಕರೆ ಭೂಮಿಯನ್ನೂ 96 ಕೋಟಿ ಡಾಲರಿಗೆ ಮಿಕ್ಕ ಹಣವನ್ನೂ ಕೊಟ್ಟಿತು. ಆದರೆ ನೆಲದ ಹಕ್ಕು ಸೇರಿದುದು ಷೇರುಗಳುಳ್ಳ ಕಂಪನಿಗಳಿಗೆ. ಬೇಟೆ ಮತ್ತು ಮೀನುಗಾರಿಕೆಯ ಪುರಾತನ ಹಕ್ಕುಗಳನ್ನು ಅದೇ ಕಾನೂನು ಅಳಿಸಿಹಾಕಿತು.

ಹೀಗಿದ್ದರೂ ಹಿರಿಯರ ಸ್ಥಾನ ಬರಿದಾಗಲಿಲ್ಲ. ಮಿಂಟೊ ಗ್ರಾಮದ ಪೀಟರ್ ಜಾನ್ 1992ರಲ್ಲಿ ಆ ಪ್ರಾಂತದ ಸಾಂಪ್ರದಾಯಿಕ ಮುಖ್ಯಸ್ಥರಾಗಿ ಆಯ್ಕೆಯಾದಾಗ ಅವರಿಗೆ ತೊಂಬತ್ತು ದಾಟಿತ್ತು. ಅವರಿಗೆ ಸರಕಾರದ ಅಧಿಕಾರವಿರಲಿಲ್ಲ. ಇದ್ದುದು ನೆನಪು ಮತ್ತು ಮಾತು. 2003ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸ್ಥಾನದಲ್ಲಿದ್ದರು.

ಈಗಿನ ಸಂಕಟ ಬೇರೆ ಬಗೆಯದು. ಯೂಕಾನಿನಲ್ಲಿ ಚಿನೂಕ್ ಸಾಲ್ಮನ್ ಮೀನು ಕ್ಷೀಣಿಸಿ, 2024ರಲ್ಲಿ ಅಲಾಸ್ಕ ಮತ್ತು ಕೆನಡ ಅದನ್ನು ಹಿಡಿಯುವುದನ್ನು ಏಳು ವರ್ಷ ನಿಲ್ಲಿಸಲು ಒಪ್ಪಿದವು. ಏಳು ವರ್ಷವೆಂದರೆ ಮೀನಿಗೆ ಒಂದು ತಲೆಮಾರು. ಮಗುವಿಗೆ ಒಂದು ಬಾಲ್ಯ. ಮೀನನ್ನು ಸೀಳಿ ಹೊಗೆಯಲ್ಲಿ ಒಣಗಿಸುವ ವಿದ್ಯೆಯನ್ನು ಅಜ್ಜಿ ಮೊಮ್ಮಗಳಿಗೆ ಕಲಿಸುವುದು ಮೀನಿದ್ದಾಗಲೇ. ಅಂದು ಬೇಲಿಯನ್ನೊಲ್ಲದವರ ಮೊಮ್ಮಕ್ಕಳ ಮುಂದೆ ಇಂದು ಇರುವ ಕೆಲಸ, ಮೀನು ಮರಳಿ ಬರುವ ತನಕ ಆ ಅರಿವನ್ನು ಕಾಪಾಡುವುದು.