ರೇಸ್ ಕಾರಿನಲ್ಲಿ ಬ್ಯಾಟರಿಗೆ ಜಾಗವೆಲ್ಲಿ?

ರಸ್ತೆಯ ಕಾರುಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ ಎಂಜಿನ್ನಿನ ಪಕ್ಕದಲ್ಲೇ ಇರುತ್ತದೆ. ಅದೇ ಕಾರನ್ನು ರೇಸಿಗೆ ಸಜ್ಜುಗೊಳಿಸುವವರು ಅನೇಕ ವೇಳೆ ಅದನ್ನು ಕಿತ್ತು ಹಿಂದಕ್ಕೆ, ನೆಲಮಟ್ಟಕ್ಕೆ ಒಯ್ಯುತ್ತಾರೆ. ಮುಂಭಾಗದ ಭಾರ ಇಳಿಯುತ್ತದೆ, ಗುರುತ್ವಕೇಂದ್ರ ತಗ್ಗುತ್ತದೆ. ಆದರೆ ಈ ಲಾಭ ಪುಕ್ಕಟೆಯಲ್ಲ. ಸ್ಟಾರ್ಟರ್ ಮೋಟಾರು 200 ಆಂಪಿಯರ್ ಎಳೆಯಿತೆನ್ನಿ. 35 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯೂ ಮೀಟರಿಗೆ ಸುಮಾರು 0.1 ವೋಲ್ಟ್ ನುಂಗುತ್ತದೆ. 4 ಮೀಟರಿಗೆ 0.4. ಓಮನ ನಿಯಮ ರೇಸಿನವರಿಗೂ ರಿಯಾಯಿತಿ ಕೊಡುವುದಿಲ್ಲ!

ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ ಶಾಖ, ಅದುರುವಿಕೆ, ಇಗ್ನಿಷನ್ ಕಾಯಿಲ್ ಮೂರರ ಸಹವಾಸವೂ ಬೇಡ.

ಎಲ್ಲಕ್ಕಿಂತ ಮುಖ್ಯವಾದುದು ಮುಖ್ಯ ಸ್ವಿಚ್ಚು. ಬೆಲ್ಟು ಬಿಗಿದು ಕುಳಿತ ಚಾಲಕನಿಗೂ, ಅಪಘಾತವಾದಾಗ ಓಡಿಬರುವವರಿಗೂ ಅದು ಎಟುಕಬೇಕು. ಎಫ್‌ಐಎ ನಿಯಮದಂತೆ ಹೊರಗಿನ ಗುರುತು ಬಿಳಿ ಅಂಚಿನ ನೀಲಿ ತ್ರಿಕೋನದಲ್ಲಿ ಕೆಂಪು ಮಿಂಚು. ಬ್ಯಾಟರಿಯನ್ನು ಮಾತ್ರ ಕಡಿದರೆ ಸಾಲದು. ಓಡುತ್ತಿರುವ ಎಂಜಿನ್ ಆಲ್ಟರ್ನೇಟರನ್ನು ತಿರುಗಿಸುತ್ತಿರುತ್ತದೆ, ಅದು ಕಿಡಿಗೂ ಪೆಟ್ರೋಲ್ ಪಂಪಿಗೂ ವಿದ್ಯುತ್ ಉಣಿಸುತ್ತಲೇ ಇರಬಹುದು. ಅದಕ್ಕೇ ಆ ಸ್ವಿಚ್ಚು ಎಂಜಿನ್ನನ್ನೂ ನಿಲ್ಲಿಸುವಂತಿರಬೇಕು. ಬ್ಯಾಟರಿಯಿಂದ ಸ್ವಿಚ್ಚಿನವರೆಗಿನ ತಂತಿಯ ತುಂಡು ಮಾತ್ರ ಸ್ವಿಚ್ಚು ಆರಿಸಿದ ಮೇಲೂ ಜೀವಂತವಾಗಿಯೇ ಉಳಿಯುತ್ತದೆ. ಆದ್ದರಿಂದ ಬಲ್ಲ ಮೆಕ್ಯಾನಿಕ್ಕುಗಳು ಸ್ವಿಚ್ಚನ್ನು ಬ್ಯಾಟರಿಯ ಬಳಿಯೇ ಕೂರಿಸಿ, ಎಳೆಯುವ ಹಿಡಿಯನ್ನಷ್ಟೇ ದೂರಕ್ಕೆ ಒಯ್ಯುತ್ತಾರೆ.