ಹೊರಗಿನವರ ಪೇಟೆ

ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹುಡುಗರದ್ದೊಂದು ವಾಟ್ಸಾಪ್ ಗ್ರೂಪ್ ಇದೆ. ಎಲ್ಲರೂ ವಿರಾಜಪೇಟೆ ಸುತ್ತಮುತ್ತಲಿನ ಹಳ್ಳಿಯವರು, ಹೆಚ್ಚಿನವರು ನನ್ನ ಹಾಗೆ ಬಿಇ ಮುಗಿಸಿ ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆ ಸೇರಿಕೊಂಡವರು. ಗ್ರೂಪಿನಲ್ಲಿ ಮೂರೇ ವಿಷಯ: ಕಾಫಿ ರೇಟು, ಮಳೆ ಮತ್ತು 'ಹೊರಗಿನವರು'. ಮೊನ್ನೆ ಒಬ್ಬ ಬರೆದ: "ವಿರಾಜಪೇಟೆ ಈಗ ಕೊಡಗು ಅಲ್ಲ ಮಾರಾಯ್ರೇ, ಕೇರಳದ ಬ್ರಾಂಚ್ ಆಫೀಸು. ಹೊರಗಿನವರು ಬಂದು ನಮ್ಮ ಪೇಟೇನ ತಿಂದಾಕಿದ್ರು." ಹತ್ತು ನಿಮಿಷದಲ್ಲಿ ಥಂಬ್ಸ್ ಅಪ್‌ಗಳ ಸಾಲು. ಗ್ರೂಪಿನಲ್ಲಿ ಉತ್ತರ ಬರೆದರೆ ಮೂರು ಸಾಲಿಗಿಂತ ಹೆಚ್ಚು ಯಾರೂ ಓದುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

'ನಮ್ಮ ಪೇಟೆ' ಅಂದನಲ್ಲ, ಅಲ್ಲಿಂದಲೇ ಶುರು ಮಾಡೋಣ. ಯಾರ ಪೇಟೆ ಸ್ವಾಮಿ ಅದು?

ಹೆಸರಿನಲ್ಲೇ ಇದೆ. ವೀರರಾಜೇಂದ್ರಪೇಟೆ. ಕಟ್ಟಿಸಿದವನು ದೊಡ್ಡ ವೀರರಾಜೇಂದ್ರ, 1792ರಲ್ಲಿ. ಯಾಕೆ ಕಟ್ಟಿಸಿದ ಅನ್ನೋದು ನಮ್ಮ ಶಾಲೆ ಪುಸ್ತಕದಲ್ಲಿ ಇರಲಿಲ್ಲ, ಇದ್ದಿದ್ದರೂ ಪರೀಕ್ಷೆಗೆ ಬರ್ತಿರಲಿಲ್ಲ ಬಿಡಿ. ಮೈಸೂರಿನವರು ಕೊಡಗನ್ನು ವಶಪಡಿಸಿಕೊಂಡಿದ್ದ ಕಾಲ. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ವೀರರಾಜ 1788ರಲ್ಲಿ ತಪ್ಪಿಸಿಕೊಂಡು ಬಂದ. ಒಬ್ಬನೇ ಟಿಪ್ಪುವಿನ ಎದುರು ನಿಲ್ಲೋದು ಕಷ್ಟ ಅಂತ ಗೊತ್ತಿತ್ತು. ಎಲ್ಲಿಗೆ ನೋಡಿದ? ಘಟ್ಟದ ಕೆಳಗೆ. ತಲಶ್ಶೇರಿಯಲ್ಲಿ ಕೂತಿದ್ದ ಈಸ್ಟ್ ಇಂಡಿಯಾ ಕಂಪನಿಯವರ ಜೊತೆ 1790ರಲ್ಲಿ ಒಪ್ಪಂದ ಮಾಡಿಕೊಂಡ. ಮರುವರ್ಷ ಜನರಲ್ ಅಬರ್‌ಕ್ರಾಂಬಿ ಬಾಂಬೆ ಸೈನ್ಯವನ್ನು ಮಲಬಾರಿನಿಂದ ಘಟ್ಟ ಹತ್ತಿಸಿ, ಕೊಡಗಿನ ಮೂಲಕ ಶ್ರೀರಂಗಪಟ್ಟಣದ ಕಡೆ ನಡೆಸಿದ. ಆಗ ರಾಜನೂ ಜನರಲ್ಲನೂ ಭೇಟಿಯಾದ ನೆನಪಿಗೆ ಎದ್ದದ್ದೇ ನಮ್ಮ ಪೇಟೆ.

ಅಂದರೆ ಘಟ್ಟ ಹತ್ತಿ ಬಂದ ಒಬ್ಬ ಹೊರಗಿನವನನ್ನು ಸ್ವಾಗತಿಸಿದ ನೆನಪಿಗಾಗಿಯೇ ಈ ಊರು ಹುಟ್ಟಿದ್ದು. ಸ್ವಾಗತಿಸಿದ ರಾಜನಾದರೂ ಒಳಗಿನವನೇ? ಹಾಲೇರಿ ವಂಶದವರು ಲಿಂಗಾಯತರು. ಇಕ್ಕೇರಿ ಕಡೆಯಿಂದ ಜಂಗಮರ ವೇಷದಲ್ಲಿ ಬಂದವರು ಅಂತ ಕೊಡಗಿನಲ್ಲೇ ಹೇಳುವ ಕಥೆ.

ಇನ್ನು ಪೇಟೆಯೊಳಗೆ ಬಂದು ಕೂತವರು. ಆ ಕಾಲದಲ್ಲಿ ಕೊಡವರಾಗಲಿ, ಗೌಡರಾಗಲಿ ಪೇಟೆಯಲ್ಲಿ ಮನೆ ಮಾಡುವ ಜನ ಅಲ್ಲ. ಗದ್ದೆ ಅಂಚಿನಲ್ಲಿ, ಕಾಡಿನ ಮಗ್ಗುಲಲ್ಲಿ ಒಂದೊಂದೇ ಮನೆ. ಅಂಗಡಿ ಇಡೋದು ಮರ್ಯಾದೆಯ ಕೆಲಸ ಅಂತ ನಮ್ಮ ಅಜ್ಜಂದಿರ ಕಾಲದಲ್ಲೂ ಯಾರೂ ಅಂದುಕೊಂಡಿರಲಿಲ್ಲ. ಹಾಗಾಗಿ ಪೇಟೆ ಅಂದರೆ ಮೊದಲಿಂದಲೂ ಬೇರೆ ಕಡೆಯಿಂದ ಬಂದವರ ಜಾಗ. ಟಿಪ್ಪುವಿನ ಕಾಲದಲ್ಲಿ ಕರಾವಳಿಯಿಂದ ಚದುರಿದ ಕೊಂಕಣಿ ಮಾತಾಡುವ ಕ್ಯಾಥೊಲಿಕರಿಗೆ ರಾಜ ಇಲ್ಲಿ ಜಾಗ ಕೊಟ್ಟ. ಸಂತ ಅನ್ನಮ್ಮ ಚರ್ಚ್ ಶುರುವಾದದ್ದೂ ಅದೇ 1792ರಲ್ಲಿ. ಪೇಟೆಗೂ ಚರ್ಚಿಗೂ ಒಂದೇ ವಯಸ್ಸು! ನಿರಾಶ್ರಿತರಿಗೆ ಜಾಗ ಕೊಟ್ಟು ಊರು ಶುರು ಮಾಡಿದ ರಾಜನನ್ನು ಇವತ್ತು ನಮ್ಮ ಗ್ರೂಪಿಗೆ ಸೇರಿಸಿದರೆ ಎರಡೇ ದಿನದಲ್ಲಿ ರಿಮೂವ್ ಮಾಡ್ತಾರೆ.

ಮಲಬಾರಿನ ಮಾಪಿಳ್ಳೆಗಳು ವ್ಯಾಪಾರಕ್ಕೆ ಬಂದರು. ಅವರಲ್ಲಿ ಒಂದು ಗುಂಪು ಪೇಟೆಯಲ್ಲಿ ನಿಲ್ಲದೆ ಹಳ್ಳಿಗಳಲ್ಲಿ ಬೇರೂರಿ, ಕೊಡವರ ಹಾಗೇ ಮನೆತನದ ಹೆಸರು ಇಟ್ಟುಕೊಂಡು ಜಮ್ಮಾ ಮಾಪಿಳ್ಳೆ ಅಂತ ಕರೆಸಿಕೊಂಡಿತು. ಮನೆಹೆಸರು ಕೇಳಿದರೆ ಕೊಡವರಾ, ಮುಸ್ಲಿಮರಾ ಅಂತ ನನಗೆ ಇವತ್ತಿಗೂ ಗೊತ್ತಾಗೋದಿಲ್ಲ. ತಮಿಳರು, ತುಳುವರು, ಗೌಡ ಸಾರಸ್ವತರು ಎಲ್ಲ ಬಂದರು. ಅಪ್ಪ ಕಾಳುಮೆಣಸು ಕೊಡುತ್ತಿದ್ದ ಅಂಗಡಿಯ ಕಾಕ ಒಂದೇ ಗಂಟೆಯಲ್ಲಿ ಐದು ಭಾಷೆ ಆಡುತ್ತಿದ್ದರು. ಅಪ್ಪನ ಹತ್ತಿರ ಕನ್ನಡ, ಪಕ್ಕದಲ್ಲಿ ನಿಂತ ಮಾವನ ಹತ್ತಿರ ಕೊಡವ ತಕ್ಕ್, ಲಾರಿಯವನ ಹತ್ತಿರ ಮಲಯಾಳ, ಹಮಾಲಿಗೆ ತಮಿಳು, ಎದುರಿನ ಬೇಕರಿಯವರಿಗೆ ಕೊಂಕಣಿಯಲ್ಲಿ ಬೈಗುಳ. ನಮ್ಮ ಆಫೀಸಿನಲ್ಲಿ ಇದಕ್ಕೆ 'ಕ್ರಾಸ್ ಕಲ್ಚರಲ್ ಕಮ್ಯುನಿಕೇಶನ್' ಅಂತ ಎರಡು ದಿನದ ಟ್ರೇನಿಂಗ್ ಕೊಡ್ತಾರೆ. ಕಾಕ ತೂಕದಲ್ಲಿ ಸ್ವಲ್ಪ ಹೊಡೆಯುತ್ತಿದ್ದರು ಅನ್ನೋದು ಅಪ್ಪನಿಗೆ ಗೊತ್ತಿತ್ತು. ಅಪ್ಪ ಚೀಲದ ಅಡಿಯಲ್ಲಿ ಹಸಿ ಮೆಣಸು ಹಾಕುತ್ತಿದ್ದರು ಅನ್ನೋದು ಕಾಕನಿಗೂ ಗೊತ್ತಿತ್ತು. ಮಳೆಗಾಲದಲ್ಲಿ ಕೈ ಖಾಲಿಯಾದಾಗ ಮುಂದಿನ ಬೆಳೆ ಮೇಲೆ ಸಾಲ ಕೊಡುತ್ತಿದ್ದದ್ದೂ ಅದೇ ಕಾಕ. ನನ್ನ ಕಾಲೇಜಿನ ಮೊದಲ ವರ್ಷದ ಫೀಸಿನಲ್ಲಿ ಅರ್ಧ ಆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ಬಂದದ್ದು.

ಜನರ ಮಾತು ಬಿಡಿ, ದೇವರನ್ನೇ ನೋಡಿ. ಇಗ್ಗುತ್ತಪ್ಪ ಎಲ್ಲಿಂದ ಬಂದ? ಕೊಡಗಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳ್ತಾರೆ, ಮಲೆಯಾಳದಿಂದ. ಒಡಹುಟ್ಟಿದವರ ಗುಂಪು. ಅಣ್ಣಂದಿರು ಘಟ್ಟದ ಕೆಳಗೇ ನಿಂತರು, ಇಗ್ಗುತ್ತಪ್ಪ ಮೇಲೆ ಹತ್ತಿ ಪಾಡಿಯಲ್ಲಿ ನೆಲೆಯಾದ, ಇನ್ನೊಬ್ಬ ವಯನಾಡಿನ ತಿರುನೆಲ್ಲಿಗೆ ಹೋದ. ಇವತ್ತಿಗೂ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಶಿವ ದೇವಸ್ಥಾನದ ಊಟದ ಹಬ್ಬಕ್ಕೆ ಅಕ್ಕಿ ಹೋಗೋದು ಕೊಡಗಿನಿಂದ, ಎತ್ತಿನ ಬೆನ್ನ ಮೇಲೆ, ಕಾಡುದಾರಿಯಲ್ಲಿ. ಹರಕೆ ಹೊತ್ತ ಕೊಡವರು ನಡೆದು ಹೋಗ್ತಾರೆ. 'ಬ್ರಾಂಚ್ ಆಫೀಸು' ಅಂತ ಬರೆದ ನಮ್ಮ ಗೆಳೆಯನ ಮನೆದೇವರ ಹೆಡ್ ಆಫೀಸು ಎಲ್ಲಿದೆ ಅಂತ ಒಮ್ಮೆ ಅವರಜ್ಜಿಯನ್ನು ಕೇಳಿ ನೋಡಲಿ.

ಹಾಗಂತ ವಿರಾಜಪೇಟೆ ಸೌಹಾರ್ದದ ಪೋಸ್ಟರ್ ಅಂತ ನಾನು ಹೇಳ್ತಿಲ್ಲ. ಇಂಥ ಬರಹಗಳಲ್ಲಿ ಕೊನೆಗೊಂದು ಮಸೀದಿ, ಚರ್ಚು, ದೇವಸ್ಥಾನ ಒಂದೇ ಫೋಟೋದಲ್ಲಿ ಬಂದುಬಿಡುತ್ತೆ, ನನಗೆ ಅದೂ ಬೇಜಾರು. ಗಣಪತಿ ಹಬ್ಬದಲ್ಲಿ ಗೌರಿಕೆರೆಗೆ ರಾತ್ರಿಯಿಡೀ ಮೆರವಣಿಗೆ ಹೋಗುವಾಗ ಪೊಲೀಸರು ಸುಮ್ಮನೆ ಸಾಲಾಗಿ ನಿಲ್ಲೋದಿಲ್ಲ. ಮೇಲಾಗಿ, ಈ ಗಡಿ ದಾಟಿ ಬಂದವರೆಲ್ಲ ಇಷ್ಟಪಟ್ಟು ಬಂದವರೂ ಅಲ್ಲ. ವಯನಾಡಿನ ಕಡೆಯಿಂದ ಬಂದವರು ಅಂತ ಹೇಳುವ ಎರವರನ್ನು ಗುಲಾಮರಾಗಿಟ್ಟುಕೊಂಡೇ ನಮ್ಮ ಕಡೆಯ ಎಷ್ಟೋ ಗದ್ದೆಗಳು ನಾಟಿಯಾದವು. ಅವರಲ್ಲಿ ಹಲವರು ಇವತ್ತಿಗೂ ತೋಟದ ಲೈನ್ ಮನೆಗಳಲ್ಲೇ ಇದ್ದಾರೆ. ಅವರನ್ನು ಮಾತ್ರ ಯಾರೂ 'ಹೊರಗಿನವರು' ಅನ್ನಲ್ಲ. ಜಾಗ ಕೇಳದವರು, ಅಂಗಡಿ ಇಡದವರು ಯಾವಾಗಲೂ ಒಳಗಿನವರೇ. ಈಗ ಕಾಫಿ ಕೊಯ್ಯೋಕೆ ಬರುವ ಅಸ್ಸಾಮಿನವರ ವಿಷಯದಲ್ಲೂ ಅಷ್ಟೇ. ಜನವರಿಯಲ್ಲಿ ಅವರಿಲ್ಲದೆ ನಮ್ಮ ತೋಟ ನಡೆಯಲ್ಲ, ಸಂತೆ ದಿನ ಪೇಟೆಯಲ್ಲಿ ಕಂಡರೆ ಮಾತ್ರ ಕಿರಿಕಿರಿ.

ಈಗ ನನ್ನ ತಪ್ಪು ಹೇಳಬೇಕು.

2020ರ ಮಾರ್ಚ್ ಕೊನೆ. ಕೊರೋನಾ ಅಂತ ಕರ್ನಾಟಕ ಕೇರಳದ ಗಡಿ ಮುಚ್ಚಿತು. ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿನಲ್ಲಿ ಇಳಿದು ಕೂಟುಪುಳ ಸೇತುವೆಗೆ ಹೋಗುವ ರಸ್ತೆಗೆ ಅಡ್ಡ ಮಣ್ಣು ಸುರಿದರು. ಬ್ಯಾರಿಕೇಡ್ ಅಲ್ಲ, ಲಾರಿಗಟ್ಟಲೆ ಮಣ್ಣು. ಫೋಟೋ ನಮ್ಮ ಗ್ರೂಪಿಗೆ ಬಂತು, 'ಶಾಶ್ವತವಾಗಿ ಹೀಗೇ ಇರಲಿ' ಅನ್ನುವ ಸಾಲಿನ ಜೊತೆ. ನಾನೂ ಥಂಬ್ಸ್ ಅಪ್ ಒತ್ತಿದೆ. ಬೆಂಗಳೂರಿನ ಫ್ಲಾಟಿನಲ್ಲಿ ಕೂತು, ವರ್ಕ್ ಫ್ರಮ್ ಹೋಮ್ ಮಾಡ್ತಾ, ಊರು ಸುರಕ್ಷಿತ ಅಂದುಕೊಂಡು. ಅದೇ ದಿನಗಳಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಬರಲಾಗದೆ ಸತ್ತ ಸುದ್ದಿಗಳು ಬಂದವು. ಕಾಸರಗೋಡು ನಮ್ಮದು ಅಂತ ನವೆಂಬರ್ ಒಂದರಂದು ಭಾಷಣ ಮಾಡುವ ನಾಡು ಏಪ್ರಿಲ್‌ನಲ್ಲಿ ಅದೇ ಕಾಸರಗೋಡಿನ ಆಂಬುಲೆನ್ಸಿಗೆ ದಾರಿ ಕೊಡಲಿಲ್ಲ. ಕೇರಳ ಹೈಕೋರ್ಟು ಹೇಳಬೇಕಾಯ್ತು.

ನನ್ನ ಚಿಕ್ಕಪ್ಪನಿಗೆ ಗ್ಲಾಕೋಮಾ. ಮೂರು ತಿಂಗಳಿಗೊಮ್ಮೆ ಕಣ್ಣೂರಿನ ಒಬ್ಬ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಕೊಡಗಿನಲ್ಲಿ ದೊಡ್ಡ ಆಸ್ಪತ್ರೆ ಇಲ್ಲ ಅಂತ 2019ರಲ್ಲಿ ನಾವೆಲ್ಲ ಹ್ಯಾಶ್‌ಟ್ಯಾಗ್ ಹಾಕಿದ್ದು ನೆನಪಿರಬಹುದು. ಮೈಸೂರಿಗೆ ನೂರು ಕಿಲೋಮೀಟರ್ ಮೇಲೆ, ಕಣ್ಣೂರು ಅದಕ್ಕಿಂತ ಹತ್ತಿರ. ಏಪ್ರಿಲ್‌ನ ಚೆಕಪ್ ತಪ್ಪಿತು. ತುಂತುರು ಔಷಧಿ ಮುಗಿದಾಗ ಯಾರಿಗೂ ಹೇಳದೆ ಸುಮ್ಮನಿದ್ದರು, ಹೇಳಿದ್ದರೆ ಪೇಟೆಯಲ್ಲೇ ಹುಡುಕಬಹುದಿತ್ತೇನೋ. ಜುಲೈಯಲ್ಲಿ ಪಾಸ್ ಮಾಡಿಸಿ ಮೈಸೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಎಡಗಣ್ಣು ಹೋಗಿತ್ತು. ಮಣ್ಣಿನ ಗುಡ್ಡೆಯೇ ಕಾರಣ ಅಂತ ನಾನು ಹೇಳಲ್ಲ, ಆ ಕಣ್ಣು ಹೇಗೂ ಹೋಗ್ತಿತ್ತೋ ಏನೋ. ಆದರೆ ನಾನು ಥಂಬ್ಸ್ ಅಪ್ ಒತ್ತಿದ ಗುಡ್ಡೆಯ ಈಚೆಗೆ ನಮ್ಮ ಮನೆಯವರೇ ಸಿಕ್ಕಿಹಾಕಿಕೊಂಡಿದ್ದರು ಅನ್ನೋದು ಹೊಳೆಯಲು ನನಗೆ ನಾಲ್ಕು ತಿಂಗಳು ಬೇಕಾಯ್ತು. ಚಿಕ್ಕಪ್ಪನಿಗೆ ಇದನ್ನು ಇನ್ನೂ ಹೇಳಿಲ್ಲ.

ಆ ವರ್ಷವೇ ನಮ್ಮ ಪ್ರಾಜೆಕ್ಟಿನ ಡಚ್ ಕ್ಲೈಂಟ್ ಕಡೆಯವನೊಬ್ಬ ಕಾಲ್ ಶುರುವಾಗುವ ಮುಂಚೆ ಒಂದು ಫೋಟೋ ತೋರಿಸಿದ. ಬಾರ್ಲೆ ಅನ್ನುವ ಊರು, ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಅಲ್ಲಿ ತುಂಡುತುಂಡಾಗಿ ಒಂದರೊಳಗೊಂದು ಸೇರಿಕೊಂಡಿವೆ. 1198ರಲ್ಲಿ ಇಬ್ಬರು ಜಮೀನ್ದಾರ ದೊರೆಗಳು ಭೂಮಿ ಹಂಚಿಕೊಂಡ ಎಡವಟ್ಟು ಅದು. ಮನೆಯ ಮುಂಬಾಗಿಲು ಯಾವ ಕಡೆ ಇದೆಯೋ ಆ ಮನೆ ಆ ದೇಶದ್ದು. ಅಲ್ಲಿಯ ಒಂದು ಬಟ್ಟೆ ಅಂಗಡಿಯ ಮಧ್ಯದಲ್ಲೇ ಗಡಿ ಹಾದುಹೋಗುತ್ತೆ. ಬೆಲ್ಜಿಯಂ ಲಾಕ್‌ಡೌನ್ ಮಾಡಿದಾಗ ಅಂಗಡಿಯವರು ಆ ಅರ್ಧಕ್ಕೆ ಟೇಪ್ ಕಟ್ಟಿ, ಇನ್ನರ್ಧದಲ್ಲಿ ವ್ಯಾಪಾರ ನಡೆಸಿದರು. ಅವರಿಗೆ ಟೇಪು, ನಮಗೆ ಮಣ್ಣು.

ಗ್ರೂಪಿನ ಗೆಳೆಯರ ಸಿಟ್ಟಿನಲ್ಲಿ ಒಂದು ನಿಜವೂ ಇದೆ, ಅದನ್ನು ಮುಚ್ಚಿಡಲ್ಲ. ಊರು ಬದಲಾಗ್ತಿದೆ. ಗದ್ದೆಗಳು ಪಾಳು ಬಿದ್ದಿವೆ, ಬೆಟ್ಟ ಕಡಿದು ರೆಸಾರ್ಟ್ ಏಳ್ತಿವೆ. 2018ರಲ್ಲಿ ಮಾಕುಟ್ಟದ ರಸ್ತೆ ಕುಸಿಯಿತು, 2019ರಲ್ಲಿ ತೋರದಲ್ಲಿ ಗುಡ್ಡ ಜಾರಿ ಜನ ಸತ್ತರು. ಆದರೆ ಗದ್ದೆ ಮಾರಿದವರು ಯಾರು? ನಮ್ಮಪ್ಪಂದಿರು, ಇನ್ನು ಮುಂದೆ ನಾವು. ಕೊಂಡವರು? ನಮ್ಮ ಮ್ಯಾನೇಜರುಗಳು, ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಫ್ಲಾಟಿನವರು, 'ಕೂರ್ಗ್‌ನಲ್ಲಿ ಒಂದು ಎಕರೆ ಸಿಗುತ್ತಾ ಬ್ರೋ' ಅಂತ ಕೇಳುವ ಕಲೀಗುಗಳು. ನಾನೇ ಇಬ್ಬರಿಗೆ ಬ್ರೋಕರ್ ನಂಬರ್ ಕೊಟ್ಟಿದ್ದೇನೆ. ಊರಿಗೆ ಬರುವ ದುಡ್ಡು ಮಾಕುಟ್ಟದ ಕಡೆಯಿಂದ ಬಂದರೆ ಆಕ್ರಮಣ, ಕುಶಾಲನಗರದ ಕಡೆಯಿಂದ ಬಂದರೆ ಅಭಿವೃದ್ಧಿ. ಇದು ಯಾವ ಲೆಕ್ಕ? ಅಂಗಡಿ ಬೋರ್ಡಿನಲ್ಲಿ ಕನ್ನಡ ಇರಬೇಕು ಅನ್ನಿ, ನಾನೂ ಸಹಿ ಹಾಕ್ತೇನೆ, ಅದು ಕಾನೂನು. ಅದಕ್ಕೂ ಮೊದಲು, ಇದೇ ಗ್ರೂಪಿನಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಓದ್ತಾರೆ ಅಂತ ಕೈ ಎತ್ತಿಸೋಣ. ನನ್ನ ಮಗಳಿಗಿಂತ ಅಂಗಡಿಯ ಕಾಕನ ಮೊಮ್ಮಗ ಚೆನ್ನಾಗಿ ಬರೀತಾನೆ.

ಕೂಟುಪುಳದ ಸೇತುವೆ ಬ್ರಿಟಿಷರ ಕಾಲದ್ದು. ಪಕ್ಕದಲ್ಲೇ ಹೊಸದು ಕಟ್ಟಲು ಹೊರಟಾಗ, 2017ರ ಕೊನೆಗೆ, ಆಚೆ ದಡದ ಜಾಗ ಯಾರದು ಅಂತ ಕರ್ನಾಟಕದ ಅರಣ್ಯ ಇಲಾಖೆ ತಕರಾರು ತೆಗೆದು ಕೆಲಸ ನಿಂತಿತು. ವರ್ಷಗಟ್ಟಲೆ ಅರ್ಧಂಬರ್ಧ ನಿಂತಿದ್ದ ಆ ಸೇತುವೆ 2022ರಲ್ಲಿ ತೆರೆಯಿತು. ಅಷ್ಟರಲ್ಲಿ ಮಟ್ಟನ್ನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣವೇ ಶುರುವಾಗಿತ್ತು. ವಿರಾಜಪೇಟೆಗೆ ತೀರಾ ಹತ್ತಿರದ ಏರ್‌ಪೋರ್ಟು ಈಗ ಅದೇ. ಕಳೆದ ವರ್ಷ 'ಶಾಶ್ವತವಾಗಿ ಹೀಗೇ ಇರಲಿ' ಅಂತ ಬರೆದಿದ್ದವನೇ ದುಬೈಗೆ ಹಾರಿದ್ದು ಅಲ್ಲಿಂದ. ಫ್ಲೈಟ್ ಹತ್ತುವ ಮುಂಚೆ ಗ್ರೂಪಿಗೆ ಸೆಲ್ಫಿ ಹಾಕಿದ್ದ.

ಚಿಕ್ಕಪ್ಪ ಈಗ ಮತ್ತೆ ಕಣ್ಣೂರಿಗೇ ಹೋಗ್ತಾರೆ, ಉಳಿದ ಒಂದು ಕಣ್ಣಿಗೆ. ಬಸ್ಸಿನಲ್ಲಿ ಬಲಗಡೆ ಕಿಟಕಿ ಸೀಟೇ ಬೇಕು ಅವರಿಗೆ, ಕಾಡು ಕಾಣಬೇಕಂತೆ. ಬರುವ ಶುಕ್ರವಾರದ ಚೆಕಪ್‌ಗೆ ರಜೆ ಹಾಕಿ ನಾನೇ ಕರೆದುಕೊಂಡು ಹೋಗ್ತಿದ್ದೇನೆ. ಗ್ರೂಪಿನಲ್ಲಿ ಯಾರಿಗಾದರೂ ಇರಿಟ್ಟಿಯಿಂದ ಏನಾದರೂ ಬೇಕಿದ್ದರೆ ಗುರುವಾರದೊಳಗೆ ಹೇಳಿ.