ಹುರಿಯ ಮೇಲಿನ ಹಗೇವು

ಮಕ್ಕಳೇ, ನಿಮ್ಮ ತರಗತಿಯ ಗೋಡೆಯ ಮೇಲೆ ಪದಗಳ ಪಟ್ಟಿ ಇದೆಯೇ? ಅದು ನಿಮ್ಮ ಕೈಗೆ ಎಟುಕುತ್ತದೆಯೇ? ಎಟುಕದಿದ್ದರೆ ಅದು ಬರೀ ಅಲಂಕಾರ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ 'ನಲಿ-ಕಲಿ'ಯ ತರಗತಿಗಳಲ್ಲಿ ಗೋಡೆಯ ಕೆಳಭಾಗದ ಕಪ್ಪುಹಲಗೆ ಮಕ್ಕಳದೇ. ನೆಲದ ಮೇಲೆ ಕುಳಿತ ಮಗುವೇ ಅದರ ಮೇಲೆ ಬರೆಯುತ್ತದೆ.

ಆ ಉಪಾಯವನ್ನು ನಾವು ಧಾರವಾಡದ ನಮ್ಮ ಪಡಸಾಲೆಗೆ ತಂದೆವು. ಮೊಮ್ಮಗಳ ಎತ್ತರಕ್ಕೆ ಹುರಿ ಕಟ್ಟಿ, ಅದಕ್ಕೆ ಚೀಟಿ ಸಿಕ್ಕಿಸುತ್ತೇವೆ. ದಿನಕ್ಕೆ ಅವಳದೊಂದು ಶಾಲೆಯ ಪದ, ನನ್ನದೊಂದು ಹಳೆಯ ಪದ. ಮೊದಲ ದಿನ ನಾನು 'ಹಗೇವು' ಎಂದು ಬರೆದೆ.

"ಅಜ್ಜಾ, ಇದೂ ಒಂದು ಹಾವೇನು?"

"ಅಲ್ಲವ್ವಾ, ಜ್ವಾಳ ಕೂಡಿಡಾಕ ನೆಲದಾಗ ತೋಡಿದ ಕುಣಿ."

ಚೀಟಿಯ ಹಿಂದೆ ಅವಳೇ ಚಿತ್ರ ಬರೆದಳು. ನಿಯಮ ಒಂದೇ: ಪದವನ್ನು ಮೂರು ಸಲ ಮಾತಿನಲ್ಲಿ ಬಳಸಿದವರು ಚೀಟಿ ಇಳಿಸಬಹುದು.

ಮೊನ್ನೆ ಅವಳು ಮುಚ್ಚಿಟ್ಟಿದ್ದ ಶೇಂಗಾ ಉಂಡಿ ಕಾಣೆಯಾಯಿತು. "ನನ್ನ ಹಗೇವು ತಗದವರು ಯಾರು?" ಎಂದು ಕೂಗಿದಳು.

ಕಳ್ಳ ನಾನೇ. ಆದರೂ ಕಣ್ಣು ತುಂಬಿತು. ಎಷ್ಟೋ ವರ್ಷ ನಾನೇ ಆಡದೆ ಬಿಟ್ಟಿದ್ದ ಮಾತದು.

ಅಜ್ಜ-ಅಜ್ಜಿಯರೇ, ನಿಮ್ಮ ಹಗೇವಿನಿಂದ ಇಂದೇ ಒಂದು ಪದ ತೆಗೆದುಕೊಡಿ.